ಕೆಡುವವರೆಗೂ ಯಾಕೆ ಕಾಯಬೇಕು?

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಅಮ್ಮ ಅನ್ನಿಸಿಕೊಳ್ಳುವ ವಯಸ್ಸೇನೂ ಅಲ್ಲ, ಆಗಷ್ಟೇ ಇಪ್ಪತ್ತಾರು ತುಂಬಿತ್ತು. ಆದರೆ ಮನೆಗಳ ನಕಾಶೆ ಬರೆಯುವ ಆ ಸಣ್ಣ ಆಫೀಸಿನಲ್ಲಿ ಒಂದು ಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ಅವಳು ಹಾಳೆಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. "ಈ ಬಾಗಿಲು ಪೂರ್ತಿ ತೆರೆದರೆ ಬಚ್ಚಲಿನ ಬಾಗಿಲಿಗೆ ಬಡಿಯುತ್ತೆ. ಇಬ್ಬರು ಒಟ್ಟಿಗೆ ಹೊರಗೆ ಬಂದರೆ ಹಣೆ ಹಣೆ ಗುದ್ದಿಕೊಳ್ತಾರೆ" ಎಂದು ತನ್ನಷ್ಟಕ್ಕೆ ಗೊಣಗುತ್ತ ಬಾಗಿಲನ್ನು ಒಂದಿಷ್ಟು ಸರಿಸಿ, ಆಮೇಲೆಯೇ ನೀರು ಕುಡಿಯಲು ಏಳುವಳು.

ಅವಳ ಲ್ಯಾಪ್‌ಟಾಪ್ ಆಫೀಸಿಗೆಲ್ಲ ತಮಾಷೆಯ ವಸ್ತು. ದಪ್ಪಗೆ, ಕರ್ರಗೆ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಎಡಗಡೆಯ ಕೀಲು ಮುರಿದಾಗ ಅವಳೇ ತಗಡಿನ ಪಟ್ಟಿ ಇಟ್ಟು ತಿರುಪು ಬಿಗಿದಿದ್ದಳು. ಒಂದಿಷ್ಟು ಹೊತ್ತು ಕೆಲಸ ಮಾಡಿದರೆ ಒಳಗಿನ ಫ್ಯಾನು ಗೊರಕೆ ಹೊಡೆಯಲು ಶುರು. ಪಕ್ಕದ ಮೇಜಿನ ಗುಂಗುರುಕೂದಲಿನವಳು ವರ್ಷಕ್ಕೊಂದು ಲ್ಯಾಪ್‌ಟಾಪ್ ಬದಲಾಯಿಸುವವಳು. "ಇದು ಲ್ಯಾಪ್‌ಟಾಪೋ ಇಸ್ತ್ರಿಪೆಟ್ಟಿಗೆಯೋ? ನನ್ನ ದುಪ್ಪಟ್ಟಾನೂ ಒಂದು ಸಲ ಉಜ್ಜಿಕೊಡೇ" ಎನ್ನುವಳು. ಗೆರೆಯಮ್ಮ ನಗುತ್ತಿದ್ದಳು. "ನನ್ನ ತಲೆ ಓಡೋದು ನಿಧಾನ. ಅದಕ್ಕಿಂತ ಜೋರಾಗಿ ಓಡೋ ಯಂತ್ರ ತಗೊಂಡು ಏನು ಮಾಡ್ಲಿ? ಅದು ಮುಂದೆ ಹೋಗಿ ನನಗೆ ಕಾಯ್ತಾ ಕೂರಬೇಕು ಅಷ್ಟೆ."

ಅದು ಜಿಪುಣತನವಲ್ಲ. ಅಪ್ಪ ದರ್ಜಿ, ಸೂಜಿ ಮುರಿದರೆ ಸೂಜಿ ಬದಲಾಯಿಸಬೇಕು, ಮಿಷನ್ನನ್ನಲ್ಲ ಎಂಬುದನ್ನು ನೋಡಿಕೊಂಡೇ ಅಕ್ಕತಂಗಿಯರಿಬ್ಬರೂ ಬೆಳೆದಿದ್ದರು. ಅಕ್ಕ ದೊಡ್ಡವಳಾದ ಮೇಲೆ ಅದನ್ನು ಮರೆತಳು, ಇವಳು ಮರೆಯಲಿಲ್ಲ.

ಮದುವೆಯಾದದ್ದು ಎಲೆಕ್ಟ್ರಾನಿಕ್ ಶೋರೂಮಿನಲ್ಲಿ ಕೆಲಸ ಮಾಡುವವನನ್ನು. ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳಿದರು. ಕುಡಿತವಿಲ್ಲ, ಕೋಪವಿಲ್ಲ. ಮಾತಾಡಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಮನೆಯಲ್ಲಿ ಅವನ ತಾಯಿ ಒಬ್ಬರು, ಅವರೂ ಮಾತು ಕಡಿಮೆ. ಅಡುಗೆಮನೆಯ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಅವರು ದಿನವೆಲ್ಲ ಬೀದಿ ನೋಡುವರು.

ಮೊದಲ ವಾರದಲ್ಲೇ ಗಂಡನ ಕಣ್ಣು ಆ ಕಪ್ಪು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಅದರ ಮುಚ್ಚಳವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದು ನಕ್ಕ.

"ನಾನು ಊರಿಗೆಲ್ಲ ಹೊಸದು ಮಾರ್ತೀನಿ. ನನ್ನ ಹೆಂಡತಿ ಇದನ್ನ ಹಿಡ್ಕೊಂಡು ಓಡಾಡಿದರೆ ಜನ ಏನಂತಾರೆ?"

"ಇದು ಕೆಟ್ಟಿಲ್ಲವಲ್ಲ," ಎಂದಳು ಅವಳು.

"ಕೆಡೋವರೆಗೂ ಯಾಕೆ ಕಾಯಬೇಕು?"

ಮರುವಾರ ಹೊಸದು ಬಂತು. ತೆಳ್ಳಗೆ, ಬೆಳ್ಳಗೆ, ಮುಖ ತೋರಿಸಿದರೆ ತೆರೆದುಕೊಳ್ಳುವಂಥದ್ದು. ಅವಳಿಗೆ ಪೆಟ್ಟಿಗೆ ಒಡೆಯುವ ಕಷ್ಟವೂ ಇರಲಿಲ್ಲ. ಅವನೇ ಒಡೆದು, ಎಲ್ಲ ಹೊಂದಿಸಿ, ಹಳೆಯದರಲ್ಲಿದ್ದ ನಕಾಶೆ, ಫೋಟೋ, ಮೇಲ್ ಎಲ್ಲವನ್ನೂ ಹೊಸದಕ್ಕೆ ಸಾಗಿಸಿಟ್ಟಿದ್ದ. ಆಫೀಸಿನಲ್ಲಿ ಗುಂಗುರುಕೂದಲಿನವಳು ಅದನ್ನು ಮುಟ್ಟಿ ಮುಟ್ಟಿ ನೋಡಿದಳು. "ಎಂಥ ಪುಣ್ಯ ಮಾಡಿದ್ದೀಯೇ! ನಮ್ಮನೇಲಿ ಚಾರ್ಜರ್ ಕೇಳಿದ್ರೂ ಮುಖ ಊದಿಸ್ಕೋತಾರೆ." ಗೆರೆಯಮ್ಮನಿಗೂ ಒಳಗೊಳಗೆ ಖುಷಿಯೇ ಆಯಿತು. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಳು.

ಒಂದು ಮಧ್ಯಾಹ್ನ ಬಿಡುವಿನಲ್ಲಿ ಅವಳು ಹೊಸ ಲ್ಯಾಪ್‌ಟಾಪಿನಲ್ಲೇ ಅಕ್ಕನಿಗೆ ನಾಲ್ಕು ಸಾಲು ಬರೆದಳು: ಅತ್ತೆಗೆ ಕಿವಿ ಮಂದ ಅನ್ನಿಸುತ್ತದೆ, ಎಲ್ಲವನ್ನೂ ಎರಡು ಸಲ ಹೇಳಬೇಕು. ಅಂದು ಸಂಜೆ ಊಟಕ್ಕೆ ಕೂತಾಗ ಗಂಡ ನೀರಿನ ಲೋಟ ಸರಿಸುತ್ತ, "ಅಮ್ಮನಿಗೆ ಕಿವಿ ಚೆನ್ನಾಗೇ ಕೇಳುತ್ತೆ. ಉತ್ತರ ಕೊಡೋಕೆ ಮನಸ್ಸಿರಲ್ಲ ಅಷ್ಟೆ" ಎಂದ. ಯಾರೂ ಆ ಮಾತು ಎತ್ತಿರಲಿಲ್ಲ. ಅಕ್ಕನೇ ಹೇಳಿರಬೇಕು ಎಂದುಕೊಂಡಳು ಗೆರೆಯಮ್ಮ. ಕೇಳಿದರೆ ಅಕ್ಕ, "ನಾನ್ಯಾಕೆ ಹೇಳ್ಲಿ? ನಿನಗೇನು ಹುಚ್ಚಾ?" ಎಂದಳು. ಬಾಯಿತಪ್ಪಿ ಹೇಳಿ ಮರೆತಿರಬೇಕು ಎಂದು ಇವಳು ಅದನ್ನು ಅಲ್ಲಿಗೇ ಬಿಟ್ಟಳು.

ಆಮೇಲೆ ನಡೆದದ್ದಕ್ಕೆ ಅಂಥ ಸಮಾಧಾನ ಸಿಗಲಿಲ್ಲ. ಒಬ್ಬ ಕಂಟ್ರಾಕ್ಟರು ಹೊರಗಿನ ಕೆಲಸವೊಂದನ್ನು ಮಾಡಿಕೊಡುತ್ತೀಯಾ ಎಂದು ಮೇಲ್ ಬರೆದು ಕೇಳಿದ್ದ. ಆಗಲಿ ಎಂದು ಉತ್ತರ ಬರೆದಳು, ಮತ್ತೆ ಓದಿದಳು, ಮನೆ ಆಫೀಸು ಎರಡೂ ತೂಗಿಸುವುದು ಕಷ್ಟ ಎನ್ನಿಸಿ ಎಲ್ಲ ಅಳಿಸಿಬಿಟ್ಟಳು. ಕಳಿಸಲೇ ಇಲ್ಲ. ಮರುದಿನ ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ:

"ಅವನ ಕೆಲಸ ಒಪ್ಕೋಬೇಕು ಅಂದ್ಕೊಂಡು ಆಮೇಲೆ ಬಿಟ್ಟೆಯಲ್ಲ, ಒಳ್ಳೇದು ಮಾಡಿದೆ."

ಅವನು ಬಾಗಿಲು ಎಳೆದುಕೊಂಡು ಹೋದ. ಅವಳು ಅಲ್ಲೇ ನಿಂತಿದ್ದಳು. ಕಳಿಸಿದ ಮಾತು ಹೇಗಾದರೂ ಸೋರಬಹುದು. ಅಳಿಸಿದ ಮಾತು? ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಇಲ್ಲಿ ಅವಳ ಬೆರಳಿನ ಕೆಳಗೇ ಕಿವಿ ಇತ್ತು.

ನೇರವಾಗಿ ಕೇಳುವ ಧೈರ್ಯ ಬರಲಿಲ್ಲ. ಅನುಮಾನ ಸುಳ್ಳಾದರೆ ಮುಖ ಎಲ್ಲಿಡುವುದು? ಅದಕ್ಕೇ ಒಂದು ಪರೀಕ್ಷೆ ಮಾಡಿದಳು. ಖಾಲಿ ಪುಟವೊಂದನ್ನು ತೆರೆದು, "ನಾಳೆ ಊಟದ ಬಿಡುವಿನಲ್ಲಿ ಅಂಚೆ ಕಚೇರಿ ಪಕ್ಕದ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಮನೆಯಲ್ಲಿ ಹೇಳುವುದು ಬೇಡ" ಎಂದು ಟೈಪ್ ಮಾಡಿದಳು. ಉಳಿಸದೆ ಮುಚ್ಚಿದಳು. ಮರುದಿನ ಬಿಡುವಿನಲ್ಲಿ ಫೋನನ್ನು ಆಫೀಸಿನ ಮೇಜಿನ ಮೇಲೆಯೇ ಬಿಟ್ಟು, ಆ ಡಾಕ್ಟರ ಎದುರಿನ ಬಟ್ಟೆ ಅಂಗಡಿಗೆ ಹೋಗಿ ಪರದೆ ಬಟ್ಟೆಗಳ ಹಿಂದೆ ನಿಂತಳು. ಅಂಗಡಿಯವನು, "ಹತ್ತಿ ತೋರಿಸ್ಲಾ, ರೇಷ್ಮೆ ತೋರಿಸ್ಲಾ?" ಎನ್ನುತ್ತಲೇ ಇದ್ದ.

ಸ್ಕೂಟರು ಬಂತು. ಗಂಡ ಅದನ್ನು ಮರದ ನೆರಳಿಗೆ ನಿಲ್ಲಿಸಿ, ಅದರ ಮೇಲೆಯೇ ಕೂತು, ಡಾಕ್ಟರ ಮೆಟ್ಟಿಲಿನ ಕಡೆ ನೋಡತೊಡಗಿದ. ಗಾಬರಿ ಇಲ್ಲ, ಸಿಟ್ಟಿಲ್ಲ. ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ. ಒಮ್ಮೆ ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಿ ಒರೆಸಿದ, ಮತ್ತೆ ನೋಡಿದ. ಆಗ ಅವಳು ಏನೂ ಕೊಳ್ಳದೆ ಹಿಂಬಾಗಿಲಿನಿಂದ ಹೊರಬಿದ್ದಳು. ಸಂಜೆ ಅವನು ಏನೂ ಕೇಳಲಿಲ್ಲ. "ಕಣ್ಣು ಉರೀತಿದೆಯಾ? ಪರದೆಯ ಬೆಳಕು ಕಮ್ಮಿ ಮಾಡಿಕೊಡ್ತೀನಿ" ಎಂದಷ್ಟೇ ಹೇಳಿದ.

ಅವಳು ಗುಂಗುರುಕೂದಲಿನವಳ ಹತ್ತಿರ ಹೇಳಿಕೊಂಡಳು. ಅವಳು ಟೀ ಲೋಟದ ಮೇಲಿನಿಂದ ಹುಬ್ಬೇರಿಸಿದಳು. "ಅಷ್ಟೇನಾ? ನಾನು ಎಲ್ಲಿದ್ದೀನಿ ಅಂತ ನಮ್ಮವರಿಗೂ ಫೋನಲ್ಲಿ ಕಾಣುತ್ತೆ. ಅವರೆಲ್ಲಿದ್ದಾರೆ ಅಂತ ನನಗೂ ಕಾಣುತ್ತೆ. ಈಗ ಎಲ್ಲರದ್ದೂ ಹಾಗೇ ಕಣೇ. ಮುಚ್ಚಿಡೋಕೆ ನಿನ್ನ ಹತ್ರ ಏನಿದೆ?"

"ಏನೂ ಇಲ್ಲ."

"ಮತ್ತೆ? ಸುಮ್ಮನೆ ಹೊಸದನ್ನ ಅನುಭವಿಸು. ನೀನು ಹಳೇ ಕಾಲದವಳ ಹಾಗೆ ಆಡಬೇಡ."

ಅಂದು ಮನೆಗೆ ಬಂದವಳೇ ಕುರ್ಚಿ ಹತ್ತಿ ಬೀರುವಿನ ಮೇಲೆ ಕೈಯಾಡಿಸಿದಳು. ಬಟ್ಟೆ ಮಡಿಚಿಟ್ಟಿತ್ತು. ಒಳಗೆ ಏನೂ ಇರಲಿಲ್ಲ.

"ಓ, ಅದಾ?" ಎಂದ ಗಂಡ. "ಕೊಟ್ಟುಬಿಟ್ಟೆ. ಹಳೇದು ಕೊಟ್ಟರೆ ಹೊಸದಕ್ಕೆ ರಿಯಾಯಿತಿ." ಆ ರಿಯಾಯಿತಿಯಲ್ಲಿ ಅವಳಿಗೊಂದು ಹೊಸ ಫೋನು ಬಂದಿತ್ತು, ನಡೆದ ಹೆಜ್ಜೆ ಎಣಿಸುವ ಕೈಗಡಿಯಾರವೂ ಬಂದಿತ್ತು. ಅವನೇ ಅವಳ ಮಣಿಕಟ್ಟು ಹಿಡಿದು ಗಡಿಯಾರ ಕಟ್ಟಿದ. "ಚೆನ್ನಾಗಿ ಒಪ್ಪುತ್ತೆ," ಎಂದ. ಕೆಲವು ತಿಂಗಳಿಗೆ ಆ ಬೆಳ್ಳನೆಯ ಲ್ಯಾಪ್‌ಟಾಪನ್ನೂ ಎತ್ತಿಟ್ಟು ಇನ್ನೊಂದು ತಂದ. ಅದಕ್ಕೇನಾಗಿತ್ತು ಎಂದು ಕೇಳಿದರೆ, "ಈ ಮಾಡೆಲ್ ಹಳೇದಾಯ್ತು" ಎಂದ. ಹೊಸತು ಬಂದ ಮೇಲೆ ಅವಳು ಕೆಲಸದ ಗೆರೆ ಬಿಟ್ಟು ಬೇರೊಂದಕ್ಷರ ಬರೆಯುತ್ತಿರಲಿಲ್ಲ. ಅಕ್ಕನಿಗೂ "ಚೆನ್ನಾಗಿದ್ದೀನಿ" ಎಂದಷ್ಟೇ. ಬರೆಯದಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. "ಇತ್ತೀಚೆಗೆ ನೀನು ಏನೂ ಬರೀತಿಲ್ಲ. ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಿದ್ದ.

ಒಂದು ದಿನ ಅವಳು ಪಾತ್ರೆ ತೊಳೆಯುವಾಗ ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆ ಮಾತಾಡಿದರು.

"ನನಗೂ ಒಂದು ಫೋನ್ ಕೊಡಿಸಿದ್ದಾನೆ. ಅಕ್ಕಿ ಡಬ್ಬದಲ್ಲಿ ಹಾಕಿಟ್ಟಿದ್ದೀನಿ."

"ಯಾಕತ್ತೆ?"

"ಅಕ್ಕಿ ಏನೂ ಮಾತಾಡಲ್ಲವಲ್ಲ."

ಅಷ್ಟು ಹೇಳಿ ಅವರು ಮತ್ತೆ ಬೀದಿ ನೋಡತೊಡಗಿದರು. ಇವರಿಗೆ ಕಿವಿ ಮಂದವಲ್ಲ ಎಂದು ಗೆರೆಯಮ್ಮನಿಗೆ ಅಂದು ಖಾತ್ರಿಯಾಯಿತು.

ಆಫೀಸಿನ ಸಾಮಾನು ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದು ಬಿದ್ದಿತ್ತು. ಡಬ್ಬದಂಥ ಪರದೆ, ಹಳದಿ ತಿರುಗಿದ ಪ್ಲಾಸ್ಟಿಕ್ಕು, ಯಾವ ಇಂಟರ್ನೆಟ್ಟಿಗೂ ಸೇರದ್ದು. ಯಜಮಾನರನ್ನು ಕೇಳಿ ಅದರ ಧೂಳು ಒರೆಸಿ, ಗಡಿಯಾರವನ್ನೂ ಫೋನನ್ನೂ ತನ್ನ ಮೇಜಿನ ಮೇಲೆ ಬಿಟ್ಟು, ಅಲ್ಲಿ ಹೋಗಿ ಕೂರತೊಡಗಿದಳು. ಹುಡುಗರು ನಕ್ಕರು. "ಗೆರೆಯಮ್ಮ ಮ್ಯೂಸಿಯಂ ಸೇರಿದ್ರು!" ಅವಳು ಅಲ್ಲಿ ಕೂತು ಬೇರೆ ಊರಿನ ಒಂದು ಸರ್ವೆ ಆಫೀಸಿಗೆ ಕೆಲಸದ ಅರ್ಜಿ ಬರೆದು, ಕಾಗದದಲ್ಲಿ ಮುದ್ರಿಸಿ, ಅಂಚೆಗೆ ಹಾಕಿದಳು. ಎಷ್ಟೋ ತಿಂಗಳ ಮೇಲೆ ಒಂದು ವಾಕ್ಯವನ್ನು ಹೆದರದೆ ಬರೆದಿದ್ದಳು.

ಉತ್ತರ ಆಫೀಸಿನ ವಿಳಾಸಕ್ಕೇ ಅಂಚೆಯಲ್ಲಿ ಬಂತು, ಕೆಲಸ ಸಿಕ್ಕಿತು. ಅವಳು ಹೊರಟದ್ದು ಹಾಡಹಗಲು, ಗಂಡ ಶೋರೂಮಿನಲ್ಲಿದ್ದಾಗ. ಲ್ಯಾಪ್‌ಟಾಪು, ಫೋನು, ಗಡಿಯಾರ ಮೂರನ್ನೂ ಹಾಸಿಗೆಯ ಮೇಲೆ ಸಾಲಾಗಿ ಇಟ್ಟಳು. ಚೀಲ ಹಿಡಿದು ಅಡುಗೆಮನೆ ದಾಟುವಾಗ ಅತ್ತೆ ಎದ್ದು ನಿಂತರು.

"ಅತ್ತೆ, ಹೋಗಿ ಬರ್ತೀನಿ."

"ಹೋಗಿ ಬರ್ತೀನಿ ಅನ್ನಬೇಡ," ಎಂದರು ಅವರು ಮೆಲ್ಲಗೆ. "ಹೋಗ್ತೀನಿ ಅನ್ನು."

ಹೊಸ ಊರಿನಲ್ಲಿ ಬಾಡಿಗೆಗೊಂದು ಕೋಣೆ, ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು. ಸಂತೆಯಲ್ಲಿ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ತಾನೇ ಆರಿಸಿ ಕೊಂಡಳು. ಅಲ್ಲಿನ ಹುಡುಗ ಹುಡುಗಿಯರೂ ಅದನ್ನು ನೋಡಿ ನಕ್ಕರು, "ಅಕ್ಕ, ಇದಕ್ಕೆ ಪಿಂಚಣಿ ಬರುತ್ತಾ?" ಎಂದು ಕೇಳಿದರು. ಅವಳಿಗೆ ಆ ನಗು ಹಿತವಾಗಿತ್ತು. ವಿಳಾಸ ತಿಳಿದಿದ್ದದ್ದು ಅಕ್ಕನಿಗೆ ಮಾತ್ರ. ವಾರಕ್ಕೊಮ್ಮೆ ಆಫೀಸಿನ ಫೋನಿನಿಂದ ಅವಳಿಗೆ ಕರೆ ಮಾಡುತ್ತಿದ್ದಳು. ನಿದ್ದೆ ಬರತೊಡಗಿತು, ಕೆನ್ನೆ ತುಂಬಿಕೊಂಡಿತು.

ಹಾಗಿರುವಾಗ ಒಂದು ಬೆಳಿಗ್ಗೆ ಆಫೀಸಿಗೆ ಪಾರ್ಸೆಲ್ ಬಂತು. ಮೇಲೆ ಅವಳ ಹೆಸರು, ಅವಳು ಕೂರುವ ಮಹಡಿ, ಎಲ್ಲ ಸರಿಯಾಗಿತ್ತು. ಒಳಗೆ ಹೊಚ್ಚಹೊಸ ಲ್ಯಾಪ್‌ಟಾಪ್. ಕಳಿಸಿದವರ ಹೆಸರಿಲ್ಲ, ಚೀಟಿ ಇಲ್ಲ. "ಅಯ್ಯೋ, ಈ ಮಾಡೆಲ್ ಇನ್ನೂ ಅಂಗಡಿಗೇ ಬಂದಿಲ್ಲ!" ಎಂದು ಹುಡುಗರು ಮುತ್ತಿಕೊಂಡರು.

ಅವಳು ಅಕ್ಕನಿಗೆ ಫೋನ್ ಮಾಡಿದಳು. ಯಾರಿಗೂ ಹೇಳಿಲ್ಲ ಎಂದು ಅಕ್ಕ ಆಣೆ ಇಟ್ಟಳು. ಹೇಳುತ್ತ ಹೇಳುತ್ತಲೇ ಅವಳ ದನಿ ಸಣ್ಣಗಾಯಿತು.

"ಈ ಫೋನು... ನನ್ನ ಹುಟ್ಟಿದಹಬ್ಬಕ್ಕೆ ನಿನ್ನ ಗಂಡನೇ ಕೊಡಿಸಿದ್ದು ಕಣೇ. ನನ್ನದೇನೂ ಕೆಟ್ಟಿರಲಿಲ್ಲ. ಹೊಸದು ಅಂದ್ರೆ ಯಾರು ಬೇಡ ಅಂತಾರೆ ಹೇಳು? ನಾನು ಯೋಚನೇನೇ ಮಾಡಲಿಲ್ಲ."

ಗೆರೆಯಮ್ಮ ಫೋನ್ ಇಟ್ಟುಬಿಟ್ಟಳು. ಪಾರ್ಸೆಲನ್ನು ಹೊತ್ತು ಪೊಲೀಸ್ ಠಾಣೆಗೆ ಹೋದಳು. ಅಲ್ಲಿದ್ದವನು ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡಿದ. "ಗಂಡ ಉಡುಗೊರೆ ಕಳಿಸಿದ್ದು ಯಾವ ಅಪರಾಧ ತಾಯಿ? ನಮಗಂತೂ ಇಂಥದ್ದು ಯಾರೂ ಕಳಿಸಲ್ಲ." ಆದರೂ ಅವಳು ಅಲ್ಲಾಡದೆ ಕೂತದ್ದು ನೋಡಿ ದೂರು ಬರೆದುಕೊಂಡ, ಪೆಟ್ಟಿಗೆಯನ್ನು ಇರಿಸಿಕೊಂಡ. ಮುಂದೆ ಅದರಿಂದ ಏನೂ ಆಗಲಿಲ್ಲ. ಶೋರೂಮಿನಲ್ಲಿ ಗಂಡ ಈಗಲೂ ನಗುಮುಖದಿಂದ ಹೊಸದನ್ನು ಮಾರುತ್ತಿದ್ದಾನೆ. ವರ್ಷದ ಒಳ್ಳೆಯ ನೌಕರ ಎಂದು ಅವನ ಫೋಟೋ ಬಾಗಿಲಲ್ಲೇ ಹಾಕಿದ್ದಾರಂತೆ.

ಠಾಣೆಯಿಂದ ಬಂದವಳು ಇನ್ನು ಅಡಗಿ ಪ್ರಯೋಜನವಿಲ್ಲ ಎಂದುಕೊಂಡಳು. ತಾನೆಲ್ಲಿರುವುದು ಅವನಿಗೆ ಗೊತ್ತಾಗಿತ್ತು, ಅವನ ವಿಷಯ ಗೊತ್ತಿಲ್ಲದಿದ್ದವರು ತನ್ನ ಸುತ್ತ ಇದ್ದವರು ಮಾತ್ರ. ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯದೆ, ಆಫೀಸಿನ ಅಷ್ಟೂ ಜನರ ಎದುರು ಮೊದಲಿನಿಂದ ಹೇಳಿದಳು. ಅಳಿಸಿದ ಉತ್ತರ, ಮರದ ಕೆಳಗಿನ ಸ್ಕೂಟರು, ಎಲ್ಲವನ್ನೂ. ಅವನ ಚಹರೆ ಹೇಳಿ, ಇಂಥವನು ಬಂದರೆ ಒಳಗೆ ಬಿಡಬೇಡಿ ಎಂದಳು. ಯಾರೂ ನಗಲಿಲ್ಲ.

ಎಲ್ಲರೂ ಕೈ ತೊಳೆಯಲು ಎದ್ದ ಮೇಲೆ ಅಳತೆ ವಿಭಾಗದ ಹುಡುಗಿಯೊಬ್ಬಳು ಮಾತ್ರ ಉಳಿದಳು. ಹೊಸ ಮಾಡೆಲ್ ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ತಂದು ತೋರಿಸುವವಳು ಅವಳೇ. ಬೆಳ್ಳನೆಯ ಲ್ಯಾಪ್‌ಟಾಪನ್ನು ಎದೆಗೆ ಒತ್ತಿ ಹಿಡಿದಿದ್ದಳು. ಈಗ ಅದನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆರೆಯದೆ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಅಕ್ಕ," ಎಂದಳು. ಬಾಗಿಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇದನ್ನ ನನ್ನ ಹುಡುಗ ಕೊಡಿಸಿದ್ದು. ಈ ವರ್ಷ ಇದು ಮೂರನೇದು."