ಹದಿನೆಂಟನೇ ನಂಬರಿನ ಹಾಜರಿ

ನಿನ್ನೆ ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಹೋಗುವಾಗ ಬಾರಿಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಗಾಡಿ ಕಾಣಿಸಿದ್ದು ಆಮೇಲೆ. ನಲವತ್ತೈದು ವರ್ಷದಿಂದ ಆ ವಾಸನೆ ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಗಾಡಿಯಾಕೆ, "ತಗೋರಿ ಅಮ್ಮಾ, ದೇವದುರ್ಗದ ಮಾಲು, ಬೆಲ್ಲ ಇದ್ದಂಗ ಅದಾವ" ಅಂದಳು. ದೇವದುರ್ಗ ಅಂದದ್ದಕ್ಕೋ ಏನೋ, ಯಾವುದೋ ಹಟಕ್ಕೆ ಬಿದ್ದು ಕಾಲು ಕಿಲೋ ಕಟ್ಟಿಸಿಕೊಂಡು ಬಂದೆ.

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ದೇವದುರ್ಗದಲ್ಲಿ ನಮ್ಮ ನಾಲ್ಕನೇ ಕ್ಲಾಸಿನ ಟೀಚರ್. ಮದುವೆಯಾದ ವರ್ಷವೇ ಗಂಡನನ್ನು ಕಳಕೊಂಡು ನಮ್ಮ ಮನೆಗೆ ಬಂದವಳು. ಮನೆಯಲ್ಲಿ ನನಗೆ ತಲೆ ಬಾಚಿ, ಬಾಯಿಗೆ ತುತ್ತಿಟ್ಟು ಕರಕೊಂಡು ಹೋಗುತ್ತಿದ್ದಳು. ಶಾಲೆಯ ಹೊಸ್ತಿಲು ದಾಟಿದರೆ ನಾನು ಬರೀ ಹನ್ನೊಂದನೇ ನಂಬರು. ಬೇರೆಯವರಿಗೆ ಒಂದು ಏಟಾದರೆ ನನಗೆ ಎರಡು.

ಹಾಜರಿ ಕರೆಯುವಾಗ ಆಕೆ ತಲೆ ಎತ್ತುತ್ತಿರಲಿಲ್ಲ. ನಲವತ್ತೆರಡು ಮಕ್ಕಳ ದನಿಯೂ ಆಕೆಗೆ ಗೊತ್ತು. "ನನ್ನ ಕಣ್ಣು ಕಿವ್ಯಾಗ ಅದಾವ, ಹುಷಾರ್" ಅನ್ನುತ್ತಿದ್ದಳು. ಒಬ್ಬರ ಹಾಜರಿ ಇನ್ನೊಬ್ಬರು ಹೇಳಿದರೋ, ಅವತ್ತು ಹುಣಸೆ ಕೋಲು ಮುರಿಯುವತನಕ ಬಿಡುತ್ತಿರಲಿಲ್ಲ.

ಹದಿನೆಂಟನೇ ನಂಬರಿನವಳು ನನ್ನ ಗೆಳತಿ. ಒಂದು ದಿನ ಊಟದ ಬಿಡುವಿನಲ್ಲಿ ಕಿವಿಯಲ್ಲಿ ಹೇಳಿದಳು: "ಬಾವಿ ಹತ್ರ ಬಾರಿಹಣ್ಣು ಕೆಂಪಗ ಆಗ್ಯಾವ. ನಾ ಹೋಗಿ ಬರ್ತೀನಿ, ನನ್ನ ಹಾಜರಿ ನೀ ಹೇಳಬೇ. ಅರ್ಧಾ ನಿನಗ."

ಮಧ್ಯಾಹ್ನದ ಹಾಜರಿಯಲ್ಲಿ ಅತ್ತೆ "ಹದಿನೆಂಟು" ಅಂದಾಗ ನಾನು ದನಿ ಸಣ್ಣದು ಮಾಡಿ "ಹಾಜರ್ರೀ ಟೀಚರ್" ಅಂದೆ. ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ "ಹತ್ತೊಂಬತ್ತು" ಅಂದಳು. ಬಚಾವಾದೆ ಅಂದುಕೊಂಡೆ...

ಸಂಜೆ ಹುಡುಗಿ ಮನೆಗೆ ಹೋಗಲಿಲ್ಲ. ಅವಳಪ್ಪ ಓಡಿ ಬಂದ. ಪುಸ್ತಕದಲ್ಲಿ ಮಧ್ಯಾಹ್ನವೂ ಹಾಜರಿ ಇತ್ತು. ಹಾಗಾಗಿ ಶಾಲೆ ಬಿಟ್ಟ ಮೇಲೇ ಕಳೆದಿದ್ದಾಳೆ ಅಂತ ಊರಿಗೆ ಊರೇ ಬಸ್‌ಸ್ಟ್ಯಾಂಡು, ಸಂತೆ, ಓಣಿ ಓಣಿ ಹುಡುಕಿತು. ಬಾವಿಯ ಕಡೆ ಯಾರೂ ಹೋಗಲಿಲ್ಲ. ಬಾವಿ ಅನ್ನುವ ಎರಡಕ್ಷರ ನನ್ನ ಬಾಯಲ್ಲಿತ್ತು. ನುಂಗಿಕೊಂಡು ಕೂತೆ. ಬೆಳಗ್ಗೆ ದನ ಹೊಡಕೊಂಡು ಹೋದವರು ಬಾವಿಯ ನೀರಲ್ಲಿ ನೋಡಿದರು. ಲಂಗದ ಉಡಿಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿರಲಿಲ್ಲವಂತೆ. ಅದರಲ್ಲಿ ನನ್ನ ಪಾಲೂ ಇತ್ತು.

ಮಧ್ಯಾಹ್ನ ಕ್ಲಾಸಿನಲ್ಲಿ ಅವಳ ಜಾಗ ಖಾಲಿ ಇದ್ದದ್ದು ಅಷ್ಟರಲ್ಲಿ ಹೊರಬಿದ್ದಿತ್ತು. ಮೂರನೇ ದಿನ ಅವಳ ತಾಯಿ ಶಾಲೆಯ ಅಂಗಳದಲ್ಲಿ ನಿಂತು ಎದೆ ಎದೆ ಬಡಕೊಂಡಳು. "ಇಲ್ಲದ ಕೂಸಿಗೆ ಹಾಜರಿ ಹಾಕೀಯಲ್ಲಬೇ! ನಿನ್ನ ಹೊಟ್ಟ್ಯಾಗ ಒಂದು ಹುಟ್ಟಿದ್ರ ಗೊತ್ತಾಗ್ತಿತ್ತು ನಿನಗ!" ನಾನು ಅತ್ತೆಯ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಆಕೆಯ ಕೈ ನನ್ನ ಭುಜವನ್ನು ಹಿಚುಕಿತು. ಅದನ್ನೇ ನೆವ ಮಾಡಿಕೊಂಡು ಸುಮ್ಮನಾದೆ. ನೋಡಿ, ಎಷ್ಟು ಶಾಣ್ಯಾಕಿ ನಾನು!

ಅತ್ತೆಯನ್ನು ಮಾನ್ವಿ ಕಡೆಯ ಹಳ್ಳಿಯೊಂದಕ್ಕೆ ವರ್ಗ ಮಾಡಿ ಎತ್ತಿಹಾಕಿದರು. ಟ್ರಂಕು ಹಿಡಿದು ಬಸ್ ಹತ್ತುವಾಗ ನಾನು ಅಟ್ಟದ ಮೇಲೆ ಅಡಗಿದ್ದೆ. ನಿವೃತ್ತಿಯತನಕ ಆ ಭಾಗದಲ್ಲೇ ಇದ್ದಳು, ಒಬ್ಬಳೇ. ಅಲ್ಲಿನ ಮಕ್ಕಳಿಗೆ ಜೀವವಾಗಿದ್ದಳು. ಮಾನ್ವಿ ಸಂತೆಯಲ್ಲಿ ಆಕೆಯ ಜೊತೆ ನಡೆದರೆ ಹತ್ತು ಹೆಜ್ಜೆಗೊಬ್ಬರು ಕಾಲು ಮುಟ್ಟುತ್ತಿದ್ದರು. ರಜೆಗೆ ಊರಿಗೆ ಬಂದಾಗ ಮೊದಲಿನಂತೆಯೇ ನನ್ನ ತಲೆ ಬಾಚುತ್ತಿದ್ದಳು. ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ...

ಮರೆವಿನ ಕಾಯಿಲೆ ಶುರುವಾದ ಮೇಲೆ ರಾಯಚೂರಿನ ನಮ್ಮ ಮನೆಗೆ ಕರಕೊಂಡು ಬಂದೆ. ಬೆಳಗ್ಗೆ ಹತ್ತಾದರೆ ಪಡಸಾಲೆಯಲ್ಲಿ ಹಳೆಯ ಡೈರಿ ಬಿಚ್ಚಿಕೊಂಡು ಹಾಜರಿ ಕರೆಯುತ್ತಿದ್ದಳು. ನನ್ನ ಗಂಡ ಬಚ್ಚಲಿನಿಂದಲೇ ಮೂರನೇ ನಂಬರಿಗೆ ಓಗೊಡುತ್ತಿದ್ದ. ಕೆಲಸದಾಕೆ ಕಸಬರಿಗೆ ಹಿಡಿದೇ ಉಳಿದ ಇಪ್ಪತ್ತು ಮೂವತ್ತು ನಂಬರಿಗೂ "ಹಾಜರ್ರೀ ಯವ್ವಾ" ಅನ್ನುತ್ತಿದ್ದಳು. ಹನ್ನೊಂದು ನನ್ನದೇ. ಹದಿನೆಂಟು ಬಂದಾಗ ಮಾತ್ರ ಅತ್ತೆ ತಡೆಯುತ್ತಿದ್ದಳು. ಬಹಳ ಹೊತ್ತು ಕಾದು, ತಾನೇ "ಗೈರ್" ಅಂದು ಬರಕೊಂಡು ಮುಂದೆ ಹೋಗುತ್ತಿದ್ದಳು. ಆ ನಂಬರಿಗೆ ಮನೆಯಲ್ಲಿ ಯಾರೂ ಓ ಅನ್ನದಂತೆ ನಾನೇ ಹೇಳಿಟ್ಟಿದ್ದೆ. ಯಾಕೆ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಒಂದು ದಿನ ಆಕೆಯನ್ನು ಡಾಕ್ಟರ್ ಹತ್ತಿರ ಕರಕೊಂಡು ಹೋಗಬೇಕಿತ್ತು. ಬಾಗಿಲಲ್ಲಿ ಆಟೋದವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಅತ್ತೆ ಹದಿನೆಂಟಕ್ಕೆ ನಿಂತವಳು ನಿಂತೇ ಇದ್ದಳು. ನನ್ನ ತಲೆ ಕೆಟ್ಟಿತು. "ಹಾಜರ್ರೀ ಟೀಚರ್! ಆತಿಲ್ಲ? ಏಳು ಇನ್ನ" ಅಂದುಬಿಟ್ಟೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಹಾಜರಿ ಕರೆಯುವಾಗ ಆಕೆ ತಲೆ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ಮರೆವಿನ ಮಬ್ಬು ಒಂದಿಷ್ಟೂ ಇರಲಿಲ್ಲ.

"ಅವತ್ತೂ ನಿಂದಽ ದನಿ" ಅಂದಳು. "ನನಗ ಗೊತ್ತಾಗಿತ್ತು. ನಮ್ಮ ಹುಡುಗಿ, ನಾಕು ಮಂದ್ಯಾಗ ಹೊಡೀಬೇಕಾಗ್ತದ ಅಂತ ತಲಿ ಎತ್ತಲಿಲ್ಲ ನಾ. ಎತ್ತಿದ್ರ ಆ ಕೂಸು ಉಳೀತಿತ್ತು."

ಆಕೆ ಬಗ್ಗಿ ಏನೋ ಗೀಚಿ ಡೈರಿ ಮುಚ್ಚಿದಳು. ಆವತ್ತಿನಿಂದ ಹಾಜರಿ ನಿಂತಿತು. ಇನ್ನೂ ಏಳು ತಿಂಗಳು ಬದುಕಿದ್ದಳು. ಕೆಲಸದಾಕೆ ಕರೆದರೆ ತಿರುಗುತ್ತಿದ್ದಳು, ಅವಳ ಕೈಯಿಂದ ಉಣ್ಣುತ್ತಿದ್ದಳು. ನಾನು "ಅತ್ತೀ" ಅಂದರೆ ಗೋಡೆ ನೋಡುತ್ತಿದ್ದಳು. ಆಕೆಯನ್ನು ಮಣ್ಣು ಮಾಡಲು ಬಂದ ಮಾನ್ವಿಯ ಶಿಷ್ಯರೊಬ್ಬರು ನನ್ನ ಕೈ ಹಿಡಿದು, "ಪುಣ್ಯವಂತರ್ರೀ ನೀವು, ಕಡೀತನ ಸೇವಾ ಮಾಡಿದ್ರಿ" ಅಂದರು. ಹೂಂ ಅಂದೆ. ಸುಳ್ಳು ಹಾಜರಿ ಹಾಕಿಸಿಕೊಳ್ಳುವುದು ನನಗೇನು ಹೊಸದೇ?

ನಿನ್ನೆ ಹಣ್ಣಿನ ಚೀಲ ಕಟ್ಟೆಯ ಮೇಲಿಟ್ಟು, ಟ್ರಂಕಿನಿಂದ ಆ ಡೈರಿ ಮೊದಲ ಸಲ ತೆಗೆದೆ. ಪ್ರತಿ ಪುಟದಲ್ಲೂ ಹದಿನೆಂಟರ ಮುಂದೆ "ಗೈರ್". ಕಡೆಯ ಪುಟದಲ್ಲೂ ಅದೇ ಇದೆ, ನನ್ನ ಮಾತನ್ನು ಆಕೆ ಒಪ್ಪಿರಲಿಲ್ಲ. ಅದಕ್ಕಿಂತ ಮೇಲೆ ಹನ್ನೊಂದರ ಮುಂದೆ ಅವತ್ತು ಬೆಳಗ್ಗೆ ಬರೆದಿದ್ದ "ಹಾಜರ್" ಅನ್ನುವುದನ್ನು ಹಾಳೆ ಹರಿಯುವಂತೆ ಹೊಡೆದುಹಾಕಿದ್ದಾಳೆ. ಪಕ್ಕದಲ್ಲಿ ಅದೇ ದುಂಡಗಿನ ಟೀಚರ್ ಅಕ್ಷರದಲ್ಲಿ "ಗೈರ್" ಅಂತ ಬರೆದಿದ್ದಾಳೆ.

ಇವತ್ತು ಹತ್ತು ಗಂಟೆಗೆ ಪಡಸಾಲೆಯಲ್ಲಿ ಹೋಗಿ ಕೂತೆ. ಕರೆಯುವವರು ಯಾರೂ ಇರಲಿಲ್ಲ. ಕರೆದಿದ್ದರೂ ಓ ಅನ್ನಲು ನನ್ನ ನಂಬರು ಉಳಿದಿರಲಿಲ್ಲ.