ಮೇಸ್ತ್ರಿಯ ಬಾಯಲ್ಲಿ ಉಳಿದ ಮಾತು

ಮೇಸ್ತ್ರಿಯ ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. ಗಾರೆ ತೆಳುವಾದರೆ ಕಲಸಿದವನ ಜನ್ಮ ಜಾಲಾಡುತ್ತಿದ್ದ; ಇಟ್ಟಿಗೆ ತಡವಾದರೆ ಲಾರಿಯವನ ಏಳು ತಲೆಮಾರನ್ನೂ ಬಿಡುತ್ತಿರಲಿಲ್ಲ. ಹೊಗಳುವುದಕ್ಕೆ ಮಾತ್ರ ಅವನ ಬಳಿ ಮಾತೇ ಇರಲಿಲ್ಲ. ಗೋಡೆ ನೆಟ್ಟಗೆ ಎದ್ದಿದ್ದರೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಮುಂದೆ ಹೋಗುತ್ತಿದ್ದ. ಆ ಎರಡು ಏಟಿಗಾಗಿ ಕೆಲಸದವರು ದಿನವಿಡೀ ಬೈಸಿಕೊಳ್ಳುತ್ತಿದ್ದರು. ಸಂಜೆ ಅವನ ರಂಪವನ್ನೆಲ್ಲ ಕೇಳಿಸಿಕೊಂಡು ಹೆಂಡತಿ ಹೇಳುತ್ತಿದ್ದದ್ದು ಇಷ್ಟೇ: "ಹೋಗ್ಲಿ ಬಿಡಿ." ಅದನ್ನು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲರನ್ನೂ ಬೈದು ಮರೆಯುತ್ತಿದ್ದವನು ಒಬ್ಬನನ್ನು ಮಾತ್ರ ಬೈಯದೆ ಮನಸ್ಸಿನಲ್ಲಿಟ್ಟುಕೊಂಡ. ಅವನು ಒಡಹುಟ್ಟಿದ ತಮ್ಮ, ಅಣ್ಣನ ಕೈಕೆಳಗೇ ಕರಣೆ ಹಿಡಿಯಲು ಕಲಿತವನು. ಹನ್ನೊಂದು ವರ್ಷದ ಹಿಂದೆ ಅವನು ಅವಸರಪಟ್ಟು, ಕಾಂಕ್ರೀಟು ಗಟ್ಟಿಯಾಗುವ ಮೊದಲೇ ತಾರಸಿಯ ಕೆಳಗಿನ ಆಸರೆ ಕಂಬಗಳನ್ನು ತೆಗೆಸಿದ್ದ. ತಾರಸಿ ಬಿರುಕು ಬಿಟ್ಟು ಜೋತುಬಿತ್ತು. ಮನೆಯ ಯಜಮಾನರು ಕೇಳಿದಾಗ, "ಅಣ್ಣ ಹೇಳ್ದ, ತೆಗೆಸ್ದೆ" ಅಂದುಬಿಟ್ಟ. ಆಮೇಲೆ ಮೇಸ್ತ್ರಿಯನ್ನು ಮನೆ ಕಟ್ಟಲು ಯಾರೂ ಕರೆಯಲಿಲ್ಲ. ಸಿಕ್ಕಿದ್ದು ಬರೀ ಕಾಂಪೌಂಡು ಗೋಡೆ. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಬೈದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತೇನೋ.

ಈ ವರ್ಷ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಅಷ್ಟೊಂದು ಬೈಗುಳಗಳಲ್ಲಿ ಒಂದಾದರೂ ಉಳಿಯಬಾರದಿತ್ತೇ? ಉಳಿದದ್ದು ಹೆಂಡತಿಯ ಮಾತು. ನೀರು ಬೇಕಾದರೂ "ಹೋಗ್ಲಿ ಬಿಡು", ಫ್ಯಾನು ಹಾಕಬೇಕಾದರೂ "ಹೋಗ್ಲಿ ಬಿಡು". ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುವುದುಂಟು ಎಂದರು ಡಾಕ್ಟರು. ಹೆಂಡತಿ ಅತ್ತದ್ದೂ ಆಯಿತು, ನಕ್ಕದ್ದೂ ಆಯಿತು. "ನಲವತ್ತು ವರ್ಷ ಬಡ್ಕೊಂಡೆ, ಈಗ ತಲೆಗೆ ಹೋಯ್ತಾ?"

ಒಂದು ಬೆಳಿಗ್ಗೆ ತಮ್ಮ ಬಂದು ಬಾಗಿಲಲ್ಲಿ ನಿಂತ. ತಲೆ ಪೂರ್ತಿ ನೆರೆತಿತ್ತು. ಮೇಸ್ತ್ರಿಯ ರಕ್ತ ಕುದಿಯಿತು. ನನ್ನ ಹೊಸ್ತಿಲು ತುಳಿಯಬೇಡ, ತೊಲಗಾಚೆ ಎನ್ನಲು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಬಾಯಿ ತೆರೆದ.

"ಹೋಗ್ಲಿ ಬಿಡು!"

ತಮ್ಮ ಒಳಗೆ ಬಂದವನೇ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ. "ಅಣ್ಣಾ, ಅವತ್ತು ನಾನು ಸುಳ್ಳು ಹೇಳ್ದೆ. ಕಂಬ ಮುಟ್ಬೇಡ ಅಂತ ನೀನು ಹೇಳಿದ್ದೆ. ನಾನೇ ತೆಗೆಸ್ದೆ. ಹೆದರ್ಕೊಂಡು ನಿನ್ನ ಹೆಸರು ಹೇಳ್ಬಿಟ್ಟೆ. ನೀನು ಇಷ್ಟು ದೊಡ್ಡ ಮನಸ್ಸು ಮಾಡ್ತೀಯ ಅಂದ್ಕೊಂಡಿರ್ಲಿಲ್ಲ."

ಹೆಂಡತಿಗೆ ತಡೆಯಲಾಗಲಿಲ್ಲ. ಒಂದು ಸುಳ್ಳಿನಿಂದ ಕೆಟ್ಟದ್ದಕ್ಕೆ ಇನ್ನೊಂದು ಸುಳ್ಳಿನ ತೇಪೆ ಹಾಕುವುದು ಅವಳಿಗೆ ಬೇಡವಾಗಿತ್ತು.

"ನೋಡಪ್ಪ, ಅವರಿಗೆ ಈಗ ಬರೋದು ಅದೊಂದೇ ಮಾತು. ನೀರು ಕೇಳೋದಕ್ಕೂ ಅದೇ. ಅದನ್ನ ನಂಬ್ಕೊಂಡು ಹೋಗ್ಬೇಡ."

ತಮ್ಮನ ಮುಖ ಸಪ್ಪಗಾಯಿತು. "ಹೌದಾ ಅತ್ತಿಗೆ" ಎಂದು ಕಣ್ಣೊರೆಸಿಕೊಂಡು, ಏಳಲು ನೆಲಕ್ಕೆ ಕೈ ಊರಿದ.

ಮೇಸ್ತ್ರಿಗೆ ಈಗ ಫಜೀತಿ. 'ನಾನೇ ತೆಗೆಸ್ದೆ' ಎಂಬ ಆ ಒಂದು ಮಾತಿಗಾಗಿ ಹನ್ನೊಂದು ವರ್ಷ ಕಾದಿದ್ದ. ಅದು ಕಿವಿಗೆ ಬಿದ್ದ ಮೇಲೆ ಒಳಗೆ ಎಷ್ಟು ತಡಕಿದರೂ ಸಿಟ್ಟು ಸಿಗಲೊಲ್ಲದು. ತಮ್ಮ ಈಗ ಹೊರಟರೆ ಮತ್ತೆ ಬರುವವನಲ್ಲ. ಹೇಳಬೇಕೆನಿಸಿದ್ದೂ ಅದೇ 'ಹೋಗ್ಲಿ ಬಿಡು'. ಹೇಳಿದರೆ ನಂಬುವವರು ಯಾರು?

ಎಡಗೈ ಚಾಚಿದ. ಬಗ್ಗಿದ್ದ ತಮ್ಮನ ಬೆನ್ನಿಗೆ ಬೆರಳ ಗೆಣ್ಣಿನಿಂದ ಕುಟ್ಟಿದ, ಎರಡು ಸಲ.

ತಮ್ಮ ಏಳಲಿಲ್ಲ. ಊರಿದ್ದ ಕೈ ತೆಗೆದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಆಮೇಲೆ, "ಅತ್ತಿಗೆ, ನಂಗೂ ಒಂದು ಲೋಟ ಟೀ ಇಡಿ" ಎಂದ.