ಕರಗಲೊಲ್ಲದ ಮಾತ್ರೆ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಘನವಸ್ತು ಬೇಗ ಕರಗಬೇಕೆಂದರೆ ನುಣ್ಣಗೆ ಪುಡಿ ಮಾಡು, ನೀರು ಬಿಸಿ ಮಾಡು, ಚೆನ್ನಾಗಿ ಕಲಕು. ಸಕ್ಕರೆ, ಉಪ್ಪು, ಮೈಲುತುತ್ತ ಹಿಡಿದು ಎಷ್ಟು ಸಲ ತೋರಿಸಿದ್ದೇನೋ. ತಪ್ಪು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು.

ಹೋದ ವರ್ಷ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ನುಂಗುವ ಶಕ್ತಿ ಹೋಯಿತು. ಮೂಗಿನಿಂದ ಹೊಟ್ಟೆಗೆ ತೆಳ್ಳನೆಯ ಟ್ಯೂಬ್ ಹಾಕಿ ಆಸ್ಪತ್ರೆಯವರು ಬನಶಂಕರಿಯ ನಮ್ಮ ಮನೆಗೆ ಕಳಿಸಿದರು. ರಾಗಿ ಗಂಜಿ, ಮಾತ್ರೆ ಎಲ್ಲವೂ ಅದರಲ್ಲೇ. "ಮಾತ್ರೆ ಪುಡಿ ಮಾಡಿ ನೀರಲ್ಲಿ ಕರಗ್ಸಿ ಹಾಕಿ ಆಂಟಿ, ತರಿ ಉಳಿದ್ರೆ ಟ್ಯೂಬ್ ಕಟ್ಕೊಳತ್ತೆ" ಎಂದಳು ನರ್ಸ್. ನನಗೇ ಪಾಠ ಹೇಳುತ್ತಾಳಲ್ಲ ಎಂದು ಒಳಗೊಳಗೇ ನಕ್ಕೆ.

ಎರಡು ತಿಂಗಳ ಮೇಲೆ ಅವರ ಬಿಪಿ ಏರಿತು. ಅವರನ್ನು ಎತ್ತಿ ಕರೆದೊಯ್ಯುವುದು ನನ್ನಿಂದಾಗದ ಕೆಲಸ. ಬಿಪಿ ಬರೆದಿಟ್ಟ ಚೀಟಿ ಹಿಡಿದು ಒಬ್ಬಳೇ ಜಯನಗರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರಿಗೆ ನಾವು ಹೊಸಬರು.

"ಮಾತ್ರೆ ಸರಿಯಾಗಿ ತಗೋತಿದಾರಾ?" ಎಂದು ಕೇಳಿದರು.

"ಒಂದೂ ತಪ್ಪಿಸಿಲ್ಲ ಡಾಕ್ಟ್ರೇ, ನಾನೇ ಕೊಡ್ತೀನಿ" ಎಂದೆ.

ಟ್ಯೂಬಿನ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ದಿನಕ್ಕೊಂದರಂತೆ ಹೊಸ ಮಾತ್ರೆ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಆ ಮಾತ್ರೆ ನನ್ನೊಡನೆ ಹಟಕ್ಕೆ ಬಿತ್ತು. ಉಳಿದವು ಚಮಚದಡಿ ಒತ್ತಿದರೆ ಪುಡಿಯಾಗುತ್ತಿದ್ದವು, ಇದು ಜಾರಿ ಹೋಯಿತು. ನೀರಿಗೆ ಹಾಕಿದರೆ ಲೋಳೆಲೋಳೆಯಾಗಿ ಉಬ್ಬಿತು, ಅಷ್ಟೇ. ನನಗೆ ಸಿಟ್ಟು ಬಂತು. ಅದನ್ನು ಚೆಲ್ಲಿ, ಇನ್ನೊಂದು ತೆಗೆದು ಏಲಕ್ಕಿ ಕುಟ್ಟುವ ಕಲ್ಲಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆದೆ. ಬಿಸಿನೀರು ಹೊಯ್ದು ತರಿ ಇಲ್ಲದಂತೆ ಕಲಕಿದೆ. ಸಿರಿಂಜಿಗೆ ತುಂಬಿ ಬೆಳಕಿಗೆ ಹಿಡಿದು, "ನೋಡಿದ್ರಾ, ಹೇಗ್ ಕರಗಿಸ್ದೆ!" ಎಂದು ಅವರಿಗೆ ತೋರಿಸಿದೆ. ಸ್ವಾಧೀನವಿದ್ದ ತುಟಿಯ ಎಡತುದಿಯಲ್ಲಿ ಅವರು ನಕ್ಕರು.

ಒಂದು ಗಂಟೆಯೊಳಗೆ ಅವರ ಮೈ ಬೆವೆತು ತಣ್ಣಗಾಯಿತು. ಬಿಪಿ ಮಿಷನ್ನು ಅಂಕಿಯನ್ನೇ ತೋರಿಸಲಿಲ್ಲ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನಾನು ಒಯ್ದಿದ್ದ ಮಾತ್ರೆಯ ಸ್ಟ್ರಿಪ್ಪು ತಿರುಗಿಸಿ ಓದಿದರು. "ಇದನ್ನ ಪುಡಿ ಮಾಡಿದ್ರಾ ಅಮ್ಮಾ? ಇದು ದಿನವೆಲ್ಲಾ ನಿಧಾನಕ್ಕೆ ಕರಗ್ಲಿ ಅಂತಾನೇ ಮಾಡಿರೋ ಮಾತ್ರೆ. ಇಡೀ ದಿನದ್ದು ಒಂದೇ ಸಲ ಒಳಗ್ ಹೋಗಿದೆ."

ಮೂರನೆಯ ದಿನ ನಮ್ಮವರು ತೀರಿಕೊಂಡರು. ಮೊದಲೇ ಸೋತ ಜೀವ, ನಿಮ್ಮ ತಪ್ಪು ಅಂದ್ಕೋಬೇಡಿ ಎಂದು ಬಂದವರೆಲ್ಲ ಹೇಳಿದರು. ನಾನು ಮಾತ್ರ ನನ್ನ ತಪ್ಪೆಂದೇ ಅಂದುಕೊಂಡಿದ್ದೇನೆ. ಆ ಮಾತ್ರೆ ಕರಗಲು ಒಲ್ಲೆನೆಂದಾಗ ಏಕೆಂದು ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಕ್ಕಳಿಗೆ ಏಕೆಂದು ಕೇಳಿ ಕಲಿಯಿರಿ ಎನ್ನುತ್ತಿದ್ದವಳೂ ನಾನೇ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಸ್ಟ್ರಿಪ್ಪಿನಲ್ಲಿ ಉಳಿದಿದ್ದ ಎಂಟರಲ್ಲಿ ಒಂದು ಮಾತ್ರೆ ತೆಗೆದೆ. ಪುಡಿ ಮಾಡದೆ, ಕಲಕದೆ, ತಣ್ಣೀರಿನ ಲೋಟಕ್ಕೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಮಧ್ಯಾಹ್ನ ನೋಡಿದೆ, ಕೊಂಚ ಊದಿಕೊಂಡಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೂ ಲೋಟದ ತಳದಲ್ಲಿ ಅದು ಅರ್ಧ ಹಾಗೆಯೇ ಇತ್ತು.